ಗುದದ ಬಿರುಕಿಗೆ ಶಸ್ತ್ರಚಿಕಿತ್ಸೆ: ಒಪ್ಪಿಗೆ ಕೊಡುವ ಮೊದಲು ತಿಳಿಯಿರಿ

ಸಂಡಾಸಕ್ಕೆ ಹೋಗಬೇಕೆಂದರೆ ಭಯ. ಕುಳಿತಾಗ ಬ್ಲೇಡಿನಿಂದ ಕೊಯ್ದಂತೆ ನೋವು, ಎದ್ದುಬಂದ ಮೇಲೂ ಒಂದೆರಡು ತಾಸು ಉರಿ, ಮಲದ ಮೇಲೆ ಗೆರೆ ಎಳೆದಂತೆ ಕೆಂಪು ರಕ್ತ. ಫಿಷರ್ ಎಂದು ಕರೆಯುವ ಗುದದ ಬಿರುಕಿನ ಲಕ್ಷಣಗಳಿವು. ಈ ತೊಂದರೆ ಬಹಳ ಮಂದಿಗೆ ಇದೆ. ಆದರೆ ಜಾಗ ಅಂಥದ್ದಾದ್ದರಿಂದ ಮನೆಯವರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಮೂಲವ್ಯಾಧಿಯೇ ಇರಬೇಕೆಂದು ತಾವೇ ತೀರ್ಮಾನಿಸಿ ವರ್ಷಗಟ್ಟಲೆ ನೋವು ನುಂಗಿಕೊಂಡು ಇರುತ್ತಾರೆ.

ಕೊನೆಗೆ ಆಸ್ಪತ್ರೆಗೆ ಬಂದಾಗ ವೈದ್ಯರು "ಆಪರೇಷನ್ ಮಾಡಬಹುದು" ಎಂದರೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಕೆಲವರು "ಇವತ್ತೇ ಮಾಡಿಬಿಡ್ರಿ, ಈ ನೋವು ಸಾಕಾಗಿದೆ" ಎನ್ನುತ್ತಾರೆ. ಇನ್ನು ಕೆಲವರು "ಮಾಡಿಸಿಕೊಂಡರೆ ಮಲದ ಹಿಡಿತ ತಪ್ಪುತ್ತದಂತೆ, ಬೇಡವೇ ಬೇಡ" ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಎರಡೂ ಪೂರ್ಣ ಸತ್ಯವಲ್ಲ. ಲಾಭವೆಷ್ಟು, ಅಪಾಯವೆಷ್ಟು, ನಿಮ್ಮ ಮಟ್ಟಿಗೆ ಯಾವುದು ಹೆಚ್ಚು ಎಂಬುದನ್ನು ತೂಗಿ ನೋಡಿ ನಿರ್ಧರಿಸಬೇಕು.

ಬಿರುಕು ಏಕೆ ಮಾಯುವುದಿಲ್ಲ?

ಗಟ್ಟಿಯಾದ ಮಲ ಹೊರಬರುವಾಗ ಗುದದ್ವಾರದ ಒಳಬದಿಯ ತೆಳುವಾದ ಚರ್ಮ ಸೀಳುತ್ತದೆ. ಹೆಚ್ಚಿನವರಲ್ಲಿ ಈ ಸೀಳು ಹಿಂಬದಿಯ ನಟ್ಟನಡುವೆ ಇರುತ್ತದೆ. ಕೆಲವರಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಮುಂಬದಿಯಲ್ಲೂ ಆಗುತ್ತದೆ.

ಗುದದ್ವಾರದ ಸುತ್ತ ಉಂಗುರದಂಥ ಎರಡು ಸ್ನಾಯುಗಳಿವೆ. ಹೊರಗಿನದು ನಮ್ಮ ಇಚ್ಛೆಯಂತೆ ನಡೆಯುತ್ತದೆ. ಮಲ ಬಂದಾಗ ಬಿಗಿಹಿಡಿಯುವುದು ಇದರಿಂದಲೇ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ. ನಾವು ನಿದ್ದೆಯಲ್ಲಿದ್ದಾಗಲೂ ತಾನೇ ಬಿಗಿಯಾಗಿದ್ದು ದ್ವಾರವನ್ನು ಮುಚ್ಚಿಡುತ್ತದೆ. ಬಿರುಕಿನ ನೋವಿಗೆ ಈ ಒಳಸ್ನಾಯು ಸೆಟೆದುಕೊಳ್ಳುತ್ತದೆ. ಸೆಟೆದುಕೊಂಡಾಗ ಆ ಭಾಗಕ್ಕೆ ರಕ್ತಸಂಚಾರ ಕಡಿಮೆಯಾಗುತ್ತದೆ. ರಕ್ತ ಸಾಲದ ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ಮಲ ತಡೆದರೆ ಅದು ಇನ್ನೂ ಗಟ್ಟಿಯಾಗಿ, ಮಾಯುತ್ತಿದ್ದ ಗಾಯವನ್ನು ಮತ್ತೆ ಸೀಳುತ್ತದೆ. ಹೀಗೆ 6ರಿಂದ 8 ವಾರ ದಾಟಿದ ಬಿರುಕನ್ನು ಹಳೆಯ ಬಿರುಕು ಎನ್ನುತ್ತೇವೆ. ಇದರ ಹೊರಬದಿಯಲ್ಲಿ ಚರ್ಮದ ಸಣ್ಣ ಗಂಟು ಬೆಳೆದಿರುವುದುಂಟು. ಜನ ಇದನ್ನೇ ಮೂಲವ್ಯಾಧಿಯ ಮೊಳಕೆ ಎಂದು ತಪ್ಪು ತಿಳಿಯುತ್ತಾರೆ.

ಮೊದಲು ಔಷಧಿ, ಅದೂ ಪೂರ್ತಿಯಾಗಿ

ಬಿರುಕಿನಿಂದ ಪ್ರಾಣಾಪಾಯವಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಅವಸರವೂ ಇಲ್ಲ. ಮೊದಲು ಮಲ ಮೃದುವಾಗಬೇಕು. ಜೋಳದ ರೊಟ್ಟಿ, ಕಾಳುಪಲ್ಯ, ಮೆಂತ್ಯ, ಪುಂಡಿಸೊಪ್ಪು, ಸೌತೆಕಾಯಿ, ಪೇರಲ, ಬಾಳೆಹಣ್ಣು ಊಟದಲ್ಲಿರಲಿ. ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಖಾರ ಕಡಿಮೆ ಮಾಡಿ. ವೈದ್ಯರು ಇಸಬಗೋಲ್ ಹೇಳಿದ್ದರೆ ತುಂಬಿದ ಲೋಟ ನೀರಿನೊಂದಿಗೆ ತೆಗೆದುಕೊಳ್ಳಿ. ನೀರು ಕಡಿಮೆಯಾದರೆ ಅದೇ ಮಲ ಕಟ್ಟಿಸುತ್ತದೆ. ಅಗಲವಾದ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಮೂರು ಸಲ 10ರಿಂದ 15 ನಿಮಿಷ ಕುಳಿತುಕೊಳ್ಳಿ. ಅದಕ್ಕೆ ಕ್ರಿಮಿನಾಶಕ ದ್ರವ ಬೆರೆಸಬೇಡಿ, ಚರ್ಮ ಉರಿಯುತ್ತದೆ.

ಇದರ ಜೊತೆಗೆ ಸ್ನಾಯುವನ್ನು ಸಡಿಲಿಸುವ ಮುಲಾಮು ಬೇಕಾಗುತ್ತದೆ. ಡಿಲ್ಟಿಯಾಜೆಮ್, ನಿಫೆಡಿಪಿನ್, ನೈಟ್ರೋಗ್ಲಿಸರಿನ್ ಇಂಥ ಮುಲಾಮುಗಳು. ಅಂಗಡಿಯಲ್ಲಿ ಕೇಳಿ ತರುವ ಬಹಳಷ್ಟು "ಪೈಲ್ಸ್ ಮುಲಾಮು" ಜಾಗವನ್ನು ಮರಗಟ್ಟಿಸುತ್ತವೆಯೇ ಹೊರತು ಸ್ನಾಯುವನ್ನು ಸಡಿಲಿಸುವುದಿಲ್ಲ. ನೈಟ್ರೋಗ್ಲಿಸರಿನ್‌ನಿಂದ ಅನೇಕರಿಗೆ ತಲೆನೋವು ಬರುತ್ತದೆ. ಹೃದಯಕ್ಕೆ, ಬಿಪಿಗೆ ಅಥವಾ ಲೈಂಗಿಕ ದೌರ್ಬಲ್ಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿ. ಈ ಮಾತ್ರೆಗಳ ಜೊತೆ ಮುಲಾಮು ಸೇರಿದರೆ ಬಿಪಿ ಅಪಾಯಕಾರಿಯಾಗಿ ಇಳಿಯಬಹುದು.

ಮುಲಾಮನ್ನು ವೈದ್ಯರು ಹೇಳಿದಂತೆ 6ರಿಂದ 8 ವಾರ ಹಚ್ಚಬೇಕು. ನಾಲ್ಕು ದಿನಕ್ಕೆ ನೋವು ತಗ್ಗಿತೆಂದು ಬಿಟ್ಟವರು "ಔಷಧಿ ಹತ್ತಲಿಲ್ಲ" ಎನ್ನುವುದು ಸರಿಯಲ್ಲ. ಹಳೆಯ ಬಿರುಕು ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಲಾಮಿನಿಂದಲೇ ಗುಣವಾಗುತ್ತದೆ. ಗುಣವಾದವರಲ್ಲಿಯೂ ಅನೇಕರಿಗೆ ಮರುಕಳಿಸುತ್ತದೆ ಎಂಬುದೂ ನಿಜ. ಆದರೆ ಮುಲಾಮು ನಿಲ್ಲಿಸಿದರೆ ಸ್ನಾಯು ಮೊದಲಿನಂತಾಗುತ್ತದೆ. ಕತ್ತರಿಸಿದ ಸ್ನಾಯು ಮೊದಲಿನಂತಾಗುವುದಿಲ್ಲ. ಔಷಧಿಯನ್ನು ಮೊದಲು ಕೊಡಲು ಕಾರಣ ಇದೇ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಬಿರುಕನ್ನು ಕತ್ತರಿಸಿ ಹೊಲಿಗೆ ಹಾಕುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಸೆಟೆದುಕೊಂಡ ಒಳಸ್ನಾಯುವಿನ ಕೆಳಭಾಗದ ಸ್ವಲ್ಪ ಅಂಶವನ್ನು ಪಕ್ಕದಿಂದ ಕತ್ತರಿಸಿ ಸಡಿಲಗೊಳಿಸುತ್ತಾರೆ. ಆಗ ರಕ್ತಸಂಚಾರ ಸುಧಾರಿಸಿ ಬಿರುಕು ತಾನಾಗಿ ಮಾಯುತ್ತದೆ. ಹೊರಸ್ನಾಯುವನ್ನು ಮುಟ್ಟುವುದಿಲ್ಲ.

ಒಳಸ್ನಾಯುವನ್ನು ಕತ್ತರಿಸುವ ಈ ಪದ್ಧತಿಯನ್ನು ದಕ್ಷಿಣ ಆಫ್ರಿಕಾದ ಶಸ್ತ್ರವೈದ್ಯ ಐಸೆನ್‌ಹ್ಯಾಮರ್ 1951ರಲ್ಲಿ ವಿವರಿಸಿದರು. ಆಗ ಹಿಂಬದಿಯಲ್ಲಿ, ಬಿರುಕಿನ ಜಾಗದಲ್ಲೇ ಕತ್ತರಿಸುತ್ತಿದ್ದರು. ಅಲ್ಲಿ ಕಾಲುವೆಯಂತೆ ತಗ್ಗು ಉಳಿದು ಕೆಲವರಿಗೆ ಮಲ ಜಿನುಗುತ್ತಿತ್ತು. ಆದ್ದರಿಂದ 1969ರಲ್ಲಿ ನೋಟಾರಾಸ್ ಎಂಬ ಶಸ್ತ್ರವೈದ್ಯರು ಪಕ್ಕದಿಂದ ಕತ್ತರಿಸುವ ಸುಧಾರಿತ ವಿಧಾನವನ್ನು ತಿಳಿಸಿದರು. ಈಗ ಬಳಕೆಯಲ್ಲಿರುವುದು ಪಕ್ಕದಿಂದ ಕತ್ತರಿಸುವ ವಿಧಾನವೇ.

ಲಾಭವೆಷ್ಟು, ಅಪಾಯವೆಷ್ಟು?

ಲಾಭ ದೊಡ್ಡದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 100 ಮಂದಿಯಲ್ಲಿ 90ಕ್ಕೂ ಹೆಚ್ಚು ಮಂದಿಯ ಬಿರುಕು ಮಾಯುತ್ತದೆ. ಎಷ್ಟೋ ಮಂದಿಗೆ ಕೆಲವೇ ದಿನಗಳಲ್ಲಿ ಹಳೆಯ ನೋವು ಹೋಗಿರುತ್ತದೆ. ಬೇರಾವ ಚಿಕಿತ್ಸೆಯೂ ಇಷ್ಟು ಖಚಿತವಲ್ಲ.

ಚಿಕ್ಕ ತೊಂದರೆಗಳು ಕೆಲವಿವೆ. ಸ್ವಲ್ಪ ರಕ್ತ ಹೋಗುವುದು, ಬಾವು, ಕೀವಾಗುವುದು, ಬೆನ್ನಿಗೆ ಕೊಟ್ಟ ಅರಿವಳಿಕೆಯಿಂದ ತಲೆನೋವು, ಒಂದು ದಿನ ಮೂತ್ರ ಕಟ್ಟಿಕೊಳ್ಳುವುದು. ಇವು ಚಿಕಿತ್ಸೆಯಿಂದ ಸರಿಹೋಗುತ್ತವೆ. ಅಪರೂಪಕ್ಕೆ ಕೀವು ದಾರಿ ಮಾಡಿಕೊಂಡು ಭಗಂದರವಾಗಬಹುದು. ಅದಕ್ಕೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ನಿಜವಾಗಿ ತೂಗಬೇಕಾದ ಅಪಾಯ ಹಿಡಿತದ್ದು. ಮೊದಲ ಕೆಲವು ವಾರ ಗಾಳಿ ತಡೆಯಲಾಗದಿರುವುದು, ಬಟ್ಟೆಗೆ ಸ್ವಲ್ಪ ಕಲೆಯಾಗುವುದು ಸಾಮಾನ್ಯ. ಹೆಚ್ಚಿನವರಲ್ಲಿ ಇದು ಕ್ರಮೇಣ ಹೋಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಾಗಿ ಬಹಳ ಕಾಲವಾದವರ ಬಗ್ಗೆ 22 ಅಧ್ಯಯನಗಳನ್ನು, ಅಂದರೆ ಸುಮಾರು 4500 ರೋಗಿಗಳ ಮಾಹಿತಿಯನ್ನು, ಒಟ್ಟುಗೂಡಿಸಿ 2013ರಲ್ಲಿ ಒಂದು ವರದಿ ಪ್ರಕಟವಾಯಿತು. ಅದರ ಪ್ರಕಾರ 100ರಲ್ಲಿ ಸುಮಾರು 14 ಮಂದಿಗೆ ಹಿಡಿತದಲ್ಲಿ ಒಂದಲ್ಲ ಒಂದು ಬಗೆಯ ವ್ಯತ್ಯಾಸ ಉಳಿದಿತ್ತು. ಗಾಳಿ ತಡೆಯಲಾಗದವರು ಸುಮಾರು 9, ಬಟ್ಟೆಗೆ ಕಲೆಯಾಗುವವರು ಸುಮಾರು 6. ಗಟ್ಟಿ ಮಲವೇ ತಪ್ಪಿಹೋಗುವವರು 100ಕ್ಕೆ ಒಬ್ಬರಿಗಿಂತ ಕಡಿಮೆ. ಅಂದರೆ ಜನ ಹೆದರುವಂಥ ಪೂರ್ಣ ಹಿಡಿತ ತಪ್ಪುವುದು ಅಪರೂಪ. ಆದರೆ ಅಪಾಯವೇ ಇಲ್ಲ ಎನ್ನುವುದು ಸುಳ್ಳು.

ಯಾರು ಹೆಚ್ಚು ಎಚ್ಚರ ವಹಿಸಬೇಕು?

1. ಸಹಜ ಹೆರಿಗೆಯಾದ ತಾಯಂದಿರು, ಅದರಲ್ಲೂ ಹೆರಿಗೆಯಲ್ಲಿ ಹರಿದು ಹೊಲಿಗೆ ಹಾಕಿಸಿಕೊಂಡವರು. ಹೆಂಗಸರಲ್ಲಿ ಈ ಸ್ನಾಯು ಮೊದಲೇ ಗಿಡ್ಡ. ಹೆರಿಗೆಯಲ್ಲಿ ಅದಕ್ಕೆ ತಿಳಿಯದಂತೆ ಪೆಟ್ಟಾಗಿರಬಹುದು.
2. ಮುಂದೆ ಮಕ್ಕಳು ಬೇಕೆನ್ನುವವರು.
3. ಈಗಾಗಲೇ ಗಾಳಿ ಅಥವಾ ತೆಳು ಮಲ ತಪ್ಪುವವರು.
4. ಮೊದಲೇ ಗುದದ ಶಸ್ತ್ರಚಿಕಿತ್ಸೆಯಾದವರು.
5. ವಯಸ್ಸಾದವರು, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು, ಪದೇಪದೇ ಭೇದಿಯಾಗುವವರು.

ಎರಡು ಉದಾಹರಣೆ ನೋಡೋಣ. ಒಬ್ಬ 32 ವರ್ಷದ ಟ್ರ್ಯಾಕ್ಟರ್ ಚಾಲಕನಿದ್ದಾನೆ ಎಂದುಕೊಳ್ಳಿ. ಎರಡು ಸಲ ಪೂರ್ತಿ ಅವಧಿ ಮುಲಾಮು ಹಚ್ಚಿದ್ದಾನೆ, ಊಟ ಸುಧಾರಿಸಿದ್ದಾನೆ. ಸ್ನಾಯು ಬಹಳ ಬಿಗಿ. ಬೇರೆ ಕಾಯಿಲೆ ಇಲ್ಲ. ನೋವಿಗೆ ಸೀಟಿನ ಮೇಲೆ ಕೂರಲಾಗದೆ ಕೆಲಸ ಬಿಟ್ಟಿದ್ದಾನೆ. ಇವನ ತಕ್ಕಡಿ ಶಸ್ತ್ರಚಿಕಿತ್ಸೆಯ ಕಡೆಗೆ ವಾಲುತ್ತದೆ. ಭಯದಿಂದ ಮುಂದೂಡಿದರೆ ಅವನಿಗೇ ನಷ್ಟ.

ಇನ್ನೊಬ್ಬರು 48 ವರ್ಷದ ತಾಯಿ ಎಂದುಕೊಳ್ಳಿ. ಮೂರು ಹೆರಿಗೆಯಾಗಿದೆ, ಒಂದರಲ್ಲಿ ಹೊಲಿಗೆ ಬಿದ್ದಿದೆ, ಸಕ್ಕರೆ ಕಾಯಿಲೆಯಿದೆ. ನಕ್ಕಾಗ, ಕೆಮ್ಮಿದಾಗ ಒಮ್ಮೊಮ್ಮೆ ಗಾಳಿ ತಪ್ಪುತ್ತದೆ. ಬಿರುಕು ಅದೇ, ನೋವೂ ಅಷ್ಟೇ. ಆದರೆ ಇವರ ಸ್ನಾಯುವನ್ನು ಕತ್ತರಿಸಿದರೆ ನೋವು ಹೋಗಿ, ಜೀವನಪೂರ್ತಿ ಬಟ್ಟೆ ನೋಡಿಕೊಳ್ಳುವ ಚಿಂತೆ ಬರಬಹುದು. ಇವರಿಗೆ ಬೇರೆ ದಾರಿ ಹುಡುಕಬೇಕು.

ಬೇರೆ ದಾರಿಗಳು

ಬೊಟುಲಿನಮ್ ಚುಚ್ಚುಮದ್ದು ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲವಾಗಿಡುತ್ತದೆ. ಇದು ಶಸ್ತ್ರಚಿಕಿತ್ಸೆಗಿಂತ ಕಡಿಮೆ ಖಚಿತ. ಹಿಡಿತ ಸಡಿಲವಾದರೂ ಸಾಮಾನ್ಯವಾಗಿ ಮತ್ತೆ ಸರಿಹೋಗುತ್ತದೆ. ಖರ್ಚು ಹೆಚ್ಚು. ಸ್ನಾಯು ಬಿಗಿಯಾಗಿಲ್ಲದವರಿಗೆ ಹತ್ತಿರದ ಚರ್ಮವನ್ನು ಸರಿಸಿ ಬಿರುಕಿನ ಮೇಲೆ ಮುಚ್ಚುವ ಶಸ್ತ್ರಚಿಕಿತ್ಸೆಯೂ ಇದೆ. ಸ್ನಾಯು ಕತ್ತರಿಸಲೇಬೇಕಾದರೂ ಬಿರುಕಿನ ಉದ್ದದಷ್ಟು ಮಾತ್ರ ಕತ್ತರಿಸಿದರೆ ಹಿಡಿತಕ್ಕೆ ಅಪಾಯ ಕಡಿಮೆ.

ಬೆರಳು ಹಾಕಿ ಬಲವಾಗಿ ಹಿಗ್ಗಿಸುವ ಹಳೆಯ ಪದ್ಧತಿ ಬೇಡ. ಅದರಲ್ಲಿ ಸ್ನಾಯು ಎಲ್ಲಿ, ಎಷ್ಟು ಹರಿಯುತ್ತದೆ ಎಂಬುದು ಮಾಡುವವರ ಕೈಯಲ್ಲಿರುವುದಿಲ್ಲ. "ಲೇಸರ್‌ನಿಂದ ಮಾಡುತ್ತೇವೆ, ಏನೂ ಅಪಾಯವಿಲ್ಲ" ಎಂಬ ಜಾಹೀರಾತಿಗೂ ಮರುಳಾಗಬೇಡಿ. ಲೇಸರ್‌ನಿಂದ ಸ್ನಾಯು ಕತ್ತರಿಸಿದರೂ ಕತ್ತರಿಸುವುದು ಅದೇ ಸ್ನಾಯುವನ್ನು. ಗೋಡೆಬರಹ ನೋಡಿ ಅರ್ಹತೆಯಿಲ್ಲದವರ ಬಳಿ ಚುಚ್ಚುಮದ್ದು, ಸುಡುವ ಔಷಧಿ ಹಾಕಿಸಿಕೊಳ್ಳಬೇಡಿ.

ವೈದ್ಯರನ್ನು ಇವನ್ನು ಕೇಳಿ

ಇದು ಬಿರುಕೇ ಹೌದೇ, ಬೇರೆ ರೋಗವಿಲ್ಲವಷ್ಟೇ? ನನ್ನ ಸ್ನಾಯು ನಿಜವಾಗಿ ಬಿಗಿಯಾಗಿದೆಯೇ? ಎಷ್ಟು ಕತ್ತರಿಸುತ್ತೀರಿ? ನನ್ನ ಹೆರಿಗೆ, ಸಕ್ಕರೆ ಕಾಯಿಲೆ, ಹಿಂದಿನ ಆಪರೇಷನ್ ನೋಡಿದರೆ ನನಗೆ ಅಪಾಯ ಹೆಚ್ಚೇ? ಈಗ ಬೇಡವೆಂದರೆ ಏನಾಗುತ್ತದೆ? ಇವನ್ನು ಕೇಳಿದರೆ ಯಾವ ವೈದ್ಯರೂ ಬೇಸರಪಡುವುದಿಲ್ಲ. ಉತ್ತರ ಅರ್ಥವಾದ ಮೇಲೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ.

ಜೊತೆಗೆ ಬಂದವರಿಗೆ ಒಂದು ಮಾತು

ಒಪ್ಪಿಗೆ ಕೊಡಬೇಕಾದವರು ರೋಗಿಯೇ. ಹೆಂಡತಿಯ ಪರವಾಗಿ ಗಂಡ, ತಾಯಿಯ ಪರವಾಗಿ ಮಗ ಅವಸರದಿಂದ "ಮಾಡ್ರಿ" ಅಥವಾ "ಬ್ಯಾಡ್ರಿ" ಎನ್ನುವುದು ತರವಲ್ಲ. ಗಾಳಿ ತಪ್ಪುವ ವಿಷಯವನ್ನು ಹೆಣ್ಣುಮಕ್ಕಳು ಮಗನ ಎದುರು ಹೇಳುವುದಿಲ್ಲ. ಅದನ್ನು ಹೇಳದಿದ್ದರೆ ವೈದ್ಯರ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಹೊರಗಿದ್ದು, ಅವರು ವೈದ್ಯರ ಅಥವಾ ನರ್ಸ್ ಅವರ ಬಳಿ ಒಬ್ಬರೇ ಮಾತನಾಡಲು ಬಿಡಿ. ಶಸ್ತ್ರಚಿಕಿತ್ಸೆಯ ನಂತರವೂ ಮೃದುವಾದ ಮಲ, ಬೆಚ್ಚಗಿನ ನೀರು ಬೇಕೇ ಬೇಕು. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಬಾವು ಹೆಚ್ಚಿದರೆ, ಮೂತ್ರ ಹೋಗದಿದ್ದರೆ ಕೂಡಲೇ ಕರೆತನ್ನಿ.

ತಡ ಮಾಡಬೇಡಿ

ಬಿರುಕು ನಟ್ಟನಡುವೆ ಇರದೆ ಪಕ್ಕದಲ್ಲಿದ್ದರೆ ಕ್ಷಯ, ಕರುಳಿನ ಉರಿಯೂತ, ಎಚ್‌ಐವಿ, ಕ್ಯಾನ್ಸರ್ ಇವುಗಳ ಪರೀಕ್ಷೆ ಮೊದಲು ಆಗಬೇಕು. ತೂಕ ಇಳಿಯುತ್ತಿದ್ದರೆ, ಮಲದ ರೂಢಿ ಬದಲಾಗಿದ್ದರೆ, ರಕ್ತ ಕಪ್ಪಾಗಿ ಅಥವಾ ಮಲದಲ್ಲಿ ಬೆರೆತು ಬರುತ್ತಿದ್ದರೆ, ನಡುವಯಸ್ಸು ದಾಟಿದ ಮೇಲೆ ಮೊದಲ ಸಲ ರಕ್ತ ಕಂಡರೆ ಅದನ್ನು ಬಿರುಕು ಎಂದು ಸುಮ್ಮನಿರಬೇಡಿ.

ಉಳಿದಂತೆ ಗಾಬರಿ ಬೇಡ. ಔಷಧಿಗೆ ಪೂರ್ತಿ ಅವಕಾಶ ಕೊಡಿ. ಅದರಿಂದ ಆಗದಿದ್ದರೆ ನಿಮ್ಮ ದೇಹದ ಪೂರ್ಣ ವಿಷಯವನ್ನು ವೈದ್ಯರ ಮುಂದಿಟ್ಟು ತೂಗಿ ನೋಡಿ. ನಾಚಿಕೆಯಿಂದ ಮುಚ್ಚಿಟ್ಟ ಒಂದು ಮಾತು ಆ ತೂಕವನ್ನೇ ತಪ್ಪಿಸಬಹುದು ಎಂಬುದನ್ನು ಮರೆಯಬೇಡಿ.