ಹ್ಯಾಂಡ್‌ಬ್ಯಾಗಿನ ಒಳಗೊಂದು ಕಲೆ

ಅದು ಇಂಗ್ಲೆಂಡಿನ ಪುಟ್ಟ ಊರೊಂದರ ಚರ್ಚ್ ಸಭಾಂಗಣ. ಹವ್ಯಾಸಿ ತಂಡದ ತಾಲೀಮು, ನಾಟಕ ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’. ಎಷ್ಟೋ ಸಲ ಓದಿದ್ದೆ, ಬರೀ ಮಾತಿನ ನಾಟಕವೆಂದೇ ನಂಬಿದ್ದೆ. ಬಿಡುವಿನಲ್ಲಿ ರಂಗಪರಿಕರ ನೋಡಿಕೊಳ್ಳುವ ಹಿರಿಯಾಕೆ ಕಪ್ಪು ಚರ್ಮದ ಹ್ಯಾಂಡ್‌ಬ್ಯಾಗೊಂದನ್ನು ನನ್ನ ಕೈಗಿಟ್ಟು, “ತೆಗೆದು ನೋಡಿ” ಅಂದರು.

ಒಳಗಿನ ಬಟ್ಟೆಯ ಮೇಲೆ ಕಂದು ಕಲೆ! ಹೊರಮೈಯಲ್ಲಿ ತರಚಿದ ಗುರುತು! ಬೀಗದ ಮೇಲೆ ಹೆಸರಿನ ಮೊದಲಕ್ಷರಗಳು!

ಮೈ ಜುಮ್ಮೆಂದಿತು. ಮರೆವಿನಲ್ಲಿ ಹಸುಗೂಸನ್ನು ಬ್ಯಾಗಿನಲ್ಲೂ ಕಾದಂಬರಿಯ ಹಸ್ತಪ್ರತಿಯನ್ನು ಕೂಸಿನ ಗಾಡಿಯಲ್ಲೂ ಇಟ್ಟು, ಬ್ಯಾಗನ್ನು ವಿಕ್ಟೋರಿಯಾ ರೈಲು ನಿಲ್ದಾಣದಲ್ಲಿ ಬಿಟ್ಟುಬಂದ ಮಿಸ್ ಪ್ರಿಸಮ್, ಕೊನೆಯ ಅಂಕದಲ್ಲಿ ಅದು ತನ್ನದೇ ಎಂದು ಹೇಳಲು ತೋರಿಸುವ ಮೂರು ಗುರುತುಗಳಿವು. ಗವರ್ ಬೀದಿಯ ಬಸ್ಸು ಮಗುಚಿದಾಗ ಬಿದ್ದ ಪೆಟ್ಟು, ಲೆಮಿಂಗ್ಟನ್ನಿನಲ್ಲಿ ಮದ್ಯವಿಲ್ಲದ ಪಾನೀಯ ಸಿಡಿದು ಆದ ಕಲೆ, ಆಮೇಲೆ ಅಕ್ಷರಗಳು. ಮೊದಲ ಸಾಲಿನಲ್ಲಿ ಕೂತವರಿಗೂ ಬ್ಯಾಗಿನ ಒಳಗು ಕಾಣುವುದಿಲ್ಲ. ಆದರೂ ಈಕೆ ಗಟ್ಟಿ ಟೀ ಡಿಕಾಕ್ಷನ್ ಹಾಕಿ, ಒಣಗಿಸಿ, ಬಣ್ಣ ಸಾಲದೆಂದು ಮತ್ತೆ ಹಾಕಿದ್ದಾರೆ!

“ಯಾರಿಗೆ ಕಾಣುತ್ತೆ ಇದು?”

“ಪ್ರಿಸಮ್‌ಗೆ.”

ಅಲ್ಲಿಂದ ಮುಂದೆ ನನಗೆ ಬೇರೆಯದೇ ನಾಟಕ ಕಾಣತೊಡಗಿತು. ಚಿಕ್ಕಮ್ಮನಿಗೆಂದು ಮಾಡಿಸಿಟ್ಟ ಸೌತೆಕಾಯಿ ಸ್ಯಾಂಡ್‌ವಿಚ್‌ಗಳನ್ನು ಆಲ್ಜರ್ನನ್ ಮಾತಾಡುತ್ತಲೇ ಖಾಲಿ ಮಾಡಬೇಕು. ಯಾವ ಮಾತಿಗೆ ಯಾವ ತುಂಡು, ನುಂಗುವುದು ಯಾವಾಗ ಎಂದು ಆ ಪಾತ್ರದ ಹುಡುಗ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. ಇನ್ನು ಎರಡನೇ ಅಂಕ! ‘ಅರ್ನೆಸ್ಟ್’ ಎಂದು ಹೇಳಿಕೊಂಡ ಆಲ್ಜರ್ನನ್ ಆಗಲೇ ನಾಯಕ ಜ್ಯಾಕ್‌ನ ಮನೆಯೊಳಗಿದ್ದಾನೆ. ಅಷ್ಟರಲ್ಲಿ ಇಲ್ಲದ ತಮ್ಮ ಅರ್ನೆಸ್ಟ್ ಸತ್ತನೆಂದು ಸುಳ್ಳು ಹೇಳಲು ಜ್ಯಾಕ್ ಕಪ್ಪು ಕೈಗವಸು, ಕಪ್ಪು ಪಟ್ಟಿಯ ಹ್ಯಾಟು ತೊಟ್ಟು ತೋಟದ ಹಿಂದಿನಿಂದ ನಿಧಾನವಾಗಿ ಬರುತ್ತಾನೆ. ಅವನು ತುಟಿ ಬಿಚ್ಚುವ ಮೊದಲೇ, ಸಾಲುಸಾಲು ಕುರ್ಚಿ ಜೋಡಿಸುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾತಿನ ಮಾಂತ್ರಿಕ ವೈಲ್ಡ್ ಇಲ್ಲಿ ಬರೀ ಬಟ್ಟೆಯಿಂದ ನಗಿಸಿದ್ದಾನೆ!

1895ರ ಫೆಬ್ರವರಿ 14, ಕೊರೆಯುವ ಚಳಿಯ ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಇದರ ಮೊದಲ ಪ್ರದರ್ಶನ. ನಾಲ್ಕು ಅಂಕಗಳ ನಾಟಕವನ್ನು ಮೂರಕ್ಕೆ ಇಳಿಸಿದ್ದು ಆ ಥಿಯೇಟರ್ ನಡೆಸುತ್ತಿದ್ದ ನಟ ಜಾರ್ಜ್ ಅಲೆಕ್ಸಾಂಡರ್ ಹೇಳಿದ್ದಕ್ಕೆ. ಜ್ಯಾಕ್ ಪಾತ್ರ ಮಾಡಿದ್ದೂ ಅವರೇ. ಅಷ್ಟು ಕತ್ತರಿ ಆಡಿದ ಮೇಲೂ ಪಾನೀಯದ ಕಲೆಗೊಂದು ಮಾತು ಉಳಿದಿದೆಯಲ್ಲ!

ರಾತ್ರಿ ಕೊನೆಯ ದೃಶ್ಯ ಓಡಿಸಿದರು. ಪ್ರಿಸಮ್ ಆದಾಕೆ ಬ್ಯಾಗು ತೆರೆದರು. ಮಾತು ಶುರುಮಾಡುವ ಮೊದಲು ಅವರ ಬೆರಳು ಒಳಗೆ ಹೋಗಿ, ತಡಕಿ, ಆ ಕಲೆಯ ಮೇಲೆ ನಿಂತಿತು.