ಹಂದಿ ಮುಟ್ಟದವರ ಕಣ್ಣಿಗೂ ಬಂದ ಹುಳು

ದೆಹಲಿಯ ಚಳಿಗಾಲದ ಬೆಳಗು. ಓಖ್ಲಾ ಸಬ್ಜಿ ಮಂಡಿಯಲ್ಲಿ ಮೂಲಂಗಿ, ಪಾಲಕ್, ಕೊತ್ತಂಬರಿ ರಾಶಿ ಬಿದ್ದಿರುತ್ತವೆ. ಮೂಲಂಗಿಗೆ ಅಂಟಿದ ಮಣ್ಣು ಇನ್ನೂ ಹಸಿ. ಮಧ್ಯಾಹ್ನದ ಹೊತ್ತಿಗೆ ಅದೇ ಮೂಲಂಗಿ ತಳ್ಳುಗಾಡಿ ಏರಿ, ಸೀಳಿಸಿಕೊಂಡು, ಉಪ್ಪು, ಮಸಾಲೆ, ನಿಂಬೆರಸ ಹಚ್ಚಿಸಿಕೊಂಡು ಶಾಲೆ ಬಿಟ್ಟ ಮಕ್ಕಳ ಕೈ ಸೇರುತ್ತದೆ.

ದೆಹಲಿಯ ಕಣ್ಣಿನ ವೈದ್ಯರಿಗೆ ಪರಿಚಿತವಾದ ಒಂದು ದೃಶ್ಯವಿದೆ. ಮಗುವಿನ ಒಂದು ರೆಪ್ಪೆ ಊದಿದೆ, ಗುಡ್ಡೆ ಒಂದು ಕಡೆಗೆ ತಿರುಗುತ್ತಿಲ್ಲ, ನೋಟ ಮೆಳ್ಳೆಯಾಗಿದೆ. ಸ್ಕ್ಯಾನ್ ಮಾಡಿದರೆ ಕಣ್ಣನ್ನು ಆಡಿಸುವ ಸ್ನಾಯುವಿನೊಳಗೆ ನೀರು ತುಂಬಿದ ಪುಟ್ಟ ಚೀಲ, ಅದರೊಳಗೆ ಬಿಳಿಯ ಚುಕ್ಕಿ. ಚುಕ್ಕಿಯೇ ಹುಳುವಿನ ತಲೆ. ಇದು ಹಂದಿಯ ಲಾಡಿಹುಳುವಿನ ಮರಿ, ಸಿಸ್ಟಿಸರ್ಕಸ್. ಹೆಸರು ಕೇಳಿದ ತಾಯಿತಂದೆ ಬೆಚ್ಚುತ್ತಾರೆ: ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲವಲ್ಲ!

ಈ ಪ್ರಶ್ನೆಗೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ಆ ಹುಡುಕಾಟದ ಒಂದು ಎಳೆ ಶುರುವಾದದ್ದೂ ಕಣ್ಣಿನಿಂದಲೇ. 1830ರ ಹೊತ್ತಿಗೆ ಜರ್ಮನಿಯ ವೈದ್ಯ ಸೋಮರಿಂಗ್ ಯುವತಿಯೊಬ್ಬಳ ಕಣ್ಣಿನ ಮುಂಭಾಗದಲ್ಲಿ ಜೀವಂತ ಮರಿಹುಳು ಅಲುಗುವುದನ್ನು ಕಂಡ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗನ್ನು ನೋಡುವ ಆಫ್ತಾಲ್ಮೋಸ್ಕೋಪ್ ರೂಪಿಸಿದ ಮೇಲೆ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಅಕ್ಷಿಪಟಲದ ಬಳಿ ತೇಲುವ ಹುಳುಗಳನ್ನು ಒಂದಾದ ಮೇಲೊಂದು ಗುರುತಿಸಿದ. ಬದುಕಿರುವ ಮನುಷ್ಯನ ದೇಹದೊಳಗಿನ ಪರಾವಲಂಬಿಯನ್ನು ನೇರವಾಗಿ ನೋಡಲು ಕಣ್ಣಿಗಿಂತ ಒಳ್ಳೆಯ ಕಿಟಕಿ ಇಲ್ಲ.

ಆದರೆ ಅದು ಒಳಹೊಕ್ಕದ್ದು ಹೇಗೆ? 1855ರಲ್ಲಿ ಕ್ಯೂಷೆನ್‌ಮೈಸ್ಟರ್ ಎಂಬ ವೈದ್ಯ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ ಗೊತ್ತಾಗದಂತೆ, ಹಂದಿಮಾಂಸದಿಂದ ತೆಗೆದ ಚೀಲಗಳನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿದ. ಮರಣದಂಡನೆಯ ಬಳಿಕ ಕರುಳು ಕೊಯ್ದು ನೋಡಿದರೆ ಎಳೆಯ ಲಾಡಿಹುಳುಗಳು ಸಿಕ್ಕವು. ಇಂದು ಯಾರೂ ಒಪ್ಪದ ಆ ಪ್ರಯೋಗದಿಂದ ಒಂದು ಗಂಟು ಬಿಚ್ಚಿತು. ಬೇಯದ ಮಾಂಸದ ಚೀಲ ನುಂಗಿದವನ ಕರುಳಿನಲ್ಲಿ ಮೀಟರುಗಟ್ಟಲೆ ಉದ್ದದ ಲಾಡಿಹುಳು ಬೆಳೆಯುತ್ತದೆ.

ಇನ್ನೊಂದು ಗಂಟೂ ಇತ್ತು. ಕರುಳಿನ ಹುಳುವಿನಿಂದ ಕಳಚಿಬೀಳುವ ಒಂದೊಂದು ತುಂಡಿನಲ್ಲೂ ಹತ್ತಾರು ಸಾವಿರ ಮೊಟ್ಟೆಗಳಿರುತ್ತವೆ. ಅವು ಮಲದ ಜೊತೆ ಹೊರಬೀಳುತ್ತವೆ. ಬಯಲಿನ ಮಲ ತಿಂದ ಹಂದಿಗೆ ಚೀಲ ಬರುತ್ತದೆ. ಅದೇ ಮೊಟ್ಟೆ ಚರಂಡಿ ನೀರಿನಿಂದಲೋ ತೊಳೆಯದ ಸೊಪ್ಪಿನಿಂದಲೋ ಕೈಯಿಂದಲೋ ಮಗುವಿನ ಹೊಟ್ಟೆ ಸೇರಿದರೆ ಮಗುವೂ ಹಂದಿಯ ಜಾಗದಲ್ಲೇ ನಿಂತಂತೆ. ಮರಿ ಕರುಳಿನ ಗೋಡೆ ಕೊರೆದು ರಕ್ತಕ್ಕಿಳಿದು ಸ್ನಾಯು, ಮಿದುಳು, ಕಣ್ಣು, ಎಲ್ಲೆಂದರಲ್ಲಿ ಚೀಲ ಕಟ್ಟುತ್ತದೆ. ಅಂದರೆ ಕಣ್ಣಿನ ಹುಳು ಬಂದದ್ದು ಹಂದಿಯಿಂದಲ್ಲ, ಇನ್ನೊಬ್ಬ ಮನುಷ್ಯನಿಂದ.

ಇದಕ್ಕೆ ಅಚ್ಚರಿಯ ಸಾಕ್ಷಿ ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ. ಹಂದಿಮಾಂಸ ನಿಷಿದ್ಧವಾದ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರ ಮಿದುಳಿನಲ್ಲಿ ಈ ಚೀಲಗಳು ಕಂಡವು. ರೋಗ ಹೆಚ್ಚಿರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದ ಮನೆಗೆಲಸದವರ ಕರುಳಿನ ಹುಳುವೇ ಮೂಲವಿರಬೇಕೆಂದು 1992ರಲ್ಲಿ ಪ್ರಕಟವಾದ ವರದಿ ತಿಳಿಸಿತು. ನಮ್ಮ ಸಸ್ಯಾಹಾರಿ ಮನೆಗಳ ಬೆರಗಿಗೂ ಉತ್ತರ ಇದೇ.

ಭಾರತದ ನಂಟು ಇನ್ನೂ ಹಳೆಯದು. ಇಲ್ಲಿ ಸೇವೆ ಸಲ್ಲಿಸಿ ಮರಳಿದ ಬ್ರಿಟಿಷ್ ಸೈನಿಕರಲ್ಲಿ ವರ್ಷಗಳ ಬಳಿಕ ಮೂರ್ಛೆರೋಗ ಕಾಣಿಸಿಕೊಳ್ಳುತ್ತಿತ್ತು. ಅದರ ಬೇರು ಮಿದುಳಿನ ಈ ಚೀಲಗಳೇ ಎಂದು 1930ರ ದಶಕದಲ್ಲಿ ಸೇನಾವೈದ್ಯರು ಕಂಡುಕೊಂಡರು. ಅಂಥ 450 ರೋಗಿಗಳ ದಾಖಲೆ 1961ರಲ್ಲಿ ಪ್ರಕಟವಾಯಿತು. ಆಮೇಲೆ ಸಿ.ಟಿ. ಸ್ಕ್ಯಾನ್ ಬಂದಾಗ ಫಿಟ್ಸ್ ಬಂದ ಮಕ್ಕಳ ಮಿದುಳಿನಲ್ಲಿ ಕಂಡ ಸಣ್ಣ ಗಂಟುಗಳನ್ನು ನಮ್ಮ ವೈದ್ಯರು ಕ್ಷಯವೆಂದೇ ಬಗೆದು ತಿಂಗಳುಗಟ್ಟಲೆ ಔಷಧ ಕೊಟ್ಟದ್ದೂ ಉಂಟು. ಅವುಗಳಲ್ಲಿ ಬಹುಪಾಲು ಸಾಯುತ್ತಿರುವ ಸಿಸ್ಟಿಸರ್ಕಸ್ ಎಂದು ತೋರಿಸಿಕೊಟ್ಟವರು ವೆಲ್ಲೂರಿನ ಚಾಂಡಿ ಮತ್ತು ರಾಜಶೇಖರ್.

ಈಗ ಚಿಕಿತ್ಸೆ ಸುಲಭ, ಎಚ್ಚರ ಮಾತ್ರ ಬೇಕು. ಚೀಲ ಸ್ನಾಯುವಿನಲ್ಲಿದ್ದರೆ ಆಲ್ಬೆಂಡಜೋಲ್ ಜೊತೆಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್, ಸಾಮಾನ್ಯವಾಗಿ ನಾಲ್ಕು ವಾರ. ಕಣ್ಣುಗುಡ್ಡೆಯ ಒಳಗೇ ಇದ್ದರೆ ಮಾತ್ರೆ ಅಪಾಯ. ಹುಳು ಸಾಯುವಾಗ ಎಬ್ಬಿಸುವ ಉರಿಯೂತವೇ ದೃಷ್ಟಿ ಕಳೆಯಬಹುದು. ಆಗ ಶಸ್ತ್ರಚಿಕಿತ್ಸೆಯೇ ದಾರಿ. ಆದ್ದರಿಂದ ಮಾತ್ರೆ ಬರೆಯುವ ಮುನ್ನ ಕಣ್ಣಿನ ಒಳಗನ್ನೂ ಮಿದುಳನ್ನೂ ನೋಡಿಕೊಳ್ಳುತ್ತಾರೆ. ಹಂದಿಗಳಿಗೆ ಲಸಿಕೆಯೂ ಬಂದಿದೆ. ಮೆಲ್ಬರ್ನಿನ ಮಾರ್ಷಲ್ ಲೈಟೌಲರ್ಸ್ ಅವರ ಸಂಶೋಧನೆಯಿಂದ ಹುಟ್ಟಿದ ಸಿಸ್‌ವ್ಯಾಕ್ಸ್ ತಯಾರಾಗುವುದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್‌ನಲ್ಲಿ.

ಬರ್ಲಿನ್ ಮಾತ್ರ ಲಸಿಕೆಗೂ ಮಾತ್ರೆಗೂ ಕಾಯಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿ ಮಾಂಸ ತಪಾಸಣೆ ಬಿಗಿಯಾದ ಮೇಲೆ, ಗ್ರೇಫೆ ಸಾವಿರಕ್ಕೊಬ್ಬರಂತೆ ಕಾಣುತ್ತಿದ್ದ ಕಣ್ಣಿನ ಹುಳು ಅಪರೂಪವಾಗುತ್ತ ಬಂತೆಂದು ಕಣ್ಣಿನ ವೈದ್ಯ ಹಿರ್ಷ್‌ಬರ್ಗ್ ಲೆಕ್ಕ ಇಟ್ಟ.

ಓಖ್ಲಾದಲ್ಲಿ ಲೆಕ್ಕ ಬೇರೆ. ಇಲ್ಲಿ ಕಾಯಬೇಕಾದದ್ದು ಕಸಾಯಿಖಾನೆಗಿಂತ ಮೊದಲು ಕೊಳಚೆಯ ದಾರಿಯನ್ನು. ದೆಹಲಿಯ ಮೊದಲ ಕೊಳಚೆ ಶುದ್ಧೀಕರಣ ಘಟಕ 1937ರಲ್ಲಿ ಆರಂಭವಾದದ್ದು ಇದೇ ಓಖ್ಲಾದಲ್ಲಿ. ಈಗ ದಿನಕ್ಕೆ 56.4 ಕೋಟಿ ಲೀಟರ್ ಸಾಮರ್ಥ್ಯದ ಹೊಸ ಘಟಕವೂ ಇಲ್ಲಿದೆ. ಕೊಳಚೆ ಸೇರುವ ಯಮುನೆಯ ಬಯಲಲ್ಲಿ ತಿನ್ನುವ ಬೆಳೆ ಬೆಳೆಯಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು. ಕೊಳಚೆ ಘಟಕ, ನದಿಬಯಲು, ತಳ್ಳುಗಾಡಿ: ಹುಳುವಿನ ಮೊಟ್ಟೆಗೆ ಇವು ಮೂರೂ ಒಂದೇ ಹಾದಿಯ ನಿಲ್ದಾಣಗಳು. ಕೊನೆಯ ನಿಲ್ದಾಣದಲ್ಲಿ ಅಮ್ಮ ಮೂಲಂಗಿ ತೊಳೆಯುವುದು ಸರಿಯೇ. ಆದರೆ ಅಲ್ಲಿಯವರೆಗೆ ಆ ಮೊಟ್ಟೆಯನ್ನು ಬರಗೊಡದಿರುವುದು ಅಮ್ಮನೊಬ್ಬಳ ಕೆಲಸವಲ್ಲ.