ವಾಚು ಮುಂದೆ ಓಡುತ್ತಿದೆಯೇ? ಮೊದಲು ಅಯಸ್ಕಾಂತದ ಮೇಲೆ ಅನುಮಾನಪಡಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಬೀರು ತೆಗೆದರೆ ಹಳೆಯ ಎಚ್‌ಎಂಟಿ ವಾಚೊಂದು ಸಿಗುವುದು ಅಪರೂಪವೇನಲ್ಲ. ಮದುವೆಯಲ್ಲಿ ವರನಿಗೆ ಕೊಟ್ಟ ಜನತಾ ಇರಬಹುದು, ನಿವೃತ್ತಿಯ ದಿನ ಬಂದ ಸೋನಾ ಇರಬಹುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚು ತಯಾರಿಕೆಗೆ 2016ರಲ್ಲಿ ಕೇಂದ್ರ ಸಂಪುಟ ಪೂರ್ಣವಿರಾಮ ಹಾಕಿತು. ವಾಚುಗಳೇನೋ ಕೀ ಕೊಟ್ಟರೆ ಈಗಲೂ ಓಡುತ್ತವೆ. ಕೆಲವಂತೂ ಬೇಕಾದ್ದಕ್ಕಿಂತ ಜೋರಾಗಿಯೇ ಓಡುತ್ತವೆ.

ಜನತಾದಂಥ 17 ಜ್ಯುವೆಲ್ ವಾಚಿನ ಒಳಗೆ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 5 ಸಲ, ದಿನಕ್ಕೆ 4,32,000 ಸಲ ಅತ್ತಿತ್ತ ತೂಗುತ್ತದೆ. ಅದರಲ್ಲಿ ಬರೀ 300 ಹೆಚ್ಚಾದರೂ ವಾಚು ದಿನಕ್ಕೆ ಒಂದು ನಿಮಿಷ ಮುಂದೆ ಹೋಗುತ್ತದೆ. ಈ ತೂಗಾಟದ ಲಗಾಮು ಹೇರ್‌ಸ್ಪ್ರಿಂಗ್ ಎಂಬ, ಕೂದಲಿನಷ್ಟು ತೆಳುವಾದ ಸುರುಳಿಯ ಕೈಯಲ್ಲಿದೆ. ವೀಣೆಯ ತಂತಿಯನ್ನು ಮೇಳದ ಮೇಲೆ ಒತ್ತಿದಾಗ ಮಿಡಿಯುವ ಭಾಗ ಗಿಡ್ಡವಾಗಿ ಸ್ವರ ಏರುತ್ತದಲ್ಲ, ಇಲ್ಲೂ ಹಾಗೆಯೇ. ಸುರುಳಿಯ ದುಡಿಯುವ ಉದ್ದ ಕಡಿಮೆಯಾದರೆ ಚಕ್ರದ ಓಟ ಹೆಚ್ಚುತ್ತದೆ.

ರಿಪೇರಿಗೆ ಮೊದಲು ಅಳತೆ. ವಾಚಿಗೆ ಪೂರ್ತಿ ಕೀ ಕೊಟ್ಟು, ಮೊಬೈಲಿನ ಗಂಟೆಗೆ ಸರಿ ಮಾಡಿ, ಮೂರ್ನಾಲ್ಕು ದಿನ ಒಂದೇ ಹೊತ್ತಿಗೆ ಕೀ ಕೊಡುತ್ತಾ ವ್ಯತ್ಯಾಸ ಬರೆದಿಡಿ. ದಿನಕ್ಕೆ ಅರ್ಧ ನಿಮಿಷದೊಳಗೆ ಇದ್ದರೆ ಹಳೆಯ ವಾಚಿಗೆ ಅದು ದೋಷವಲ್ಲ. ಒಂದೆರಡು ನಿಮಿಷವಾದರೆ ಹೊಂದಾಣಿಕೆ ಸಾಕಾಗಬಹುದು. ನೆನ್ನೆಯವರೆಗೆ ಸರಿಯಿದ್ದ ವಾಚು ಇದ್ದಕ್ಕಿದ್ದಂತೆ ಹತ್ತು ನಿಮಿಷ, ಅರ್ಧ ಗಂಟೆ ಮುಂದೆ ಹಾರಿದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದೇ ತಿಳಿಯಿರಿ.

ಅಂಟಲು ಮುಖ್ಯ ಕಾರಣ ಅಯಸ್ಕಾಂತ. ಸ್ಪೀಕರ್, ಮ್ಯಾಗ್ನೆಟ್ ಇರುವ ಮೊಬೈಲ್ ಕವರ್, ಬ್ಯಾಗಿನ ಗುಂಡಿ, ಇವುಗಳ ಪಕ್ಕದಲ್ಲಿಟ್ಟರೆ ಸಾಕು. ಮಕ್ಕಳ ದಿಕ್ಸೂಚಿಯ ಹತ್ತಿರ ವಾಚನ್ನು ಮೆಲ್ಲಗೆ ತಿರುಗಿಸಿ ನೋಡಿ. ಮುಳ್ಳಿನ ಒಂದೇ ತುದಿಯನ್ನು ಒಂದು ಕಡೆ ಸೆಳೆದು ಇನ್ನೊಂದು ಕಡೆ ದೂರ ತಳ್ಳಿದರೆ ವಾಚಿಗೆ ಅಯಸ್ಕಾಂತ ಹಿಡಿದಿದೆ. ವಾಚ್ ರಿಪೇರಿಯವರ ಬಳಿ ಇದಕ್ಕೆಂದೇ ಡಿಮ್ಯಾಗ್ನೆಟೈಸರ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ವಾಚನ್ನು ಅದರ ಮೇಲಿಟ್ಟು, ಗುಂಡಿ ಒತ್ತಿಹಿಡಿದೇ ವಾಚನ್ನು ಮೆಲ್ಲಗೆ ಒಂದು ಮೊಳ ದೂರ ಎತ್ತಿ, ಆಮೇಲೆ ಗುಂಡಿ ಬಿಡಬೇಕು. ಹತ್ತಿರವಿರುವಾಗಲೇ ಬಿಟ್ಟರೆ ಅಯಸ್ಕಾಂತ ಮತ್ತೆ ಹಿಡಿಯುತ್ತದೆ.

ಎರಡನೆಯ ಕಾರಣ ಎಣ್ಣೆ. ಗೊತ್ತಿಲ್ಲದವರು ಒಳಗೆ ಎಣ್ಣೆ ಸುರಿದಿದ್ದರೆ ಅದು ಸುರುಳಿಗೆ ತಗುಲಿ ಎರಡು ಸುತ್ತುಗಳನ್ನು ಕೂಡಿಸಿಬಿಡುತ್ತದೆ. ಇನ್ನು ವಾಚು ಕೆಳಗೆ ಬಿದ್ದಾಗ ಒಂದು ಸುತ್ತು ಹಾರಿ ಪಕ್ಕದ ಪಿನ್ನಿಗೆ ಸಿಕ್ಕಿಕೊಳ್ಳುವುದೂ ಉಂಟು. ಹಳೆಯ ಎಣ್ಣೆ ಒಣಗಿ ಚಕ್ರ ಪೂರ್ತಿ ತೂಗದಿದ್ದರೂ ಕೆಲವು ವಾಚು ಮುಂದೋಡುತ್ತವೆ. ಇವಕ್ಕೆಲ್ಲ ಬಿಚ್ಚಿ ತೊಳೆಯುವ ಸರ್ವಿಸ್ ಬೇಕು. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಇವೇನೂ ಇಲ್ಲವೆಂದು ಖಚಿತವಾದ ಮೇಲಷ್ಟೇ ರೆಗ್ಯುಲೇಟರಿನ ಮಾತು. ಹಿಂಬದಿಯ ಮುಚ್ಚಳ ತೆಗೆದರೆ ಬ್ಯಾಲೆನ್ಸ್ ಚಕ್ರದ ಮೇಲಿನ ಸೇತುವೆಯಲ್ಲಿ ಸಣ್ಣ ಕಡ್ಡಿ ಕಾಣುತ್ತದೆ. ಸುರುಳಿಯ ದುಡಿಯುವ ಉದ್ದವನ್ನು ಹೆಚ್ಚು ಕಡಿಮೆ ಮಾಡುವುದು ಇದೇ. ಪ್ಲಸ್ ಕಡೆ ತಳ್ಳಿದರೆ ವೇಗ, ಮೈನಸ್ ಕಡೆ ತಳ್ಳಿದರೆ ನಿಧಾನ. ಕೆಲವದರಲ್ಲಿ ವೇಗಕ್ಕೆ ಎಫ್, ನಿಧಾನಕ್ಕೆ ಎಸ್ ಅಕ್ಷರ ಇರುತ್ತದೆ. ಮುಂದೋಡುವ ವಾಚಿಗೆ ಮೈನಸ್ ಕಡೆಗೆ, ಕಣ್ಣಿಗೆ ಕಂಡೂ ಕಾಣದಷ್ಟು ಸರಿಸಿ, ಒಂದು ದಿನ ಕಾದು ನೋಡಿ ಮತ್ತೆ ಸರಿಸಬೇಕು. ಪಕ್ಕದಲ್ಲೇ ಸುರುಳಿಯ ತುದಿ ಹಿಡಿದ ಇನ್ನೊಂದು ಕಡ್ಡಿ ಇದ್ದರೆ ಅದನ್ನು ಮುಟ್ಟಬಾರದು. ಅದು ಸರಿದರೆ ಟಿಕ್ ಟಿಕ್ ಲಯವೇ ಕೆಡುತ್ತದೆ.

ಚಿಮುಟ ಜಾರಿ ಹೇರ್‌ಸ್ಪ್ರಿಂಗಿಗೆ ತಗುಲಿದರೆ ಎರಡು ನಿಮಿಷದ ದೋಷ ನಿಂತೇಹೋದ ವಾಚಾಗುತ್ತದೆ. ಕಾರ್ಖಾನೆ ಮುಚ್ಚಿರುವುದರಿಂದ ಬಿಡಿಭಾಗಕ್ಕೆ ಇನ್ನೊಂದು ಹಳೆಯ ವಾಚನ್ನೇ ಹುಡುಕಬೇಕು. ಕೈ ನಡುಗುವುದಾದರೆ ಮುಚ್ಚಳ ತೆಗೆಯದೆ ನಿಮ್ಮೂರಿನ ವಾಚ್ ರಿಪೇರಿ ಅಂಗಡಿಗೆ ಕೊಡಿ. ಬರೆದಿಟ್ಟ ಲೆಕ್ಕದ ಚೀಟಿಯನ್ನೂ ಜೊತೆಗೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.